ಕೊಲ್ಲವರ್ಷದ ನಕ್ಷತ್ರ ಮತ್ತು ಮೆಣಸಿನ ಬಳ್ಳಿ

ಕೇರಳ ಮೂಲದ ನನ್ನ ಹಳೆಯ ಸಹೋದ್ಯೋಗಿಯೊಬ್ಬರಿಗೆ ಎರಡು ಜನ್ಮದಿನಗಳಿದ್ದವು. ಒಂದು ಸೇವಾ ಪುಸ್ತಕದಲ್ಲಿದ್ದುದು. ಇನ್ನೊಂದು ಅವರ ತಾಯಿ ಪಾಯಸ ಮಾಡುತ್ತಿದ್ದ ದಿನ. ಎರಡನೆಯದು ಪ್ರತಿ ವರ್ಷ ಬೇರೆ ದಿನಾಂಕಕ್ಕೆ ಬೀಳುತ್ತಿತ್ತು. ಮಲಯಾಳಿಗಳು ಸಾಂಪ್ರದಾಯಿಕವಾಗಿ ಹುಟ್ಟುಹಬ್ಬವನ್ನು ಗುರುತಿಸುವುದು ಸೌರಮಾಸ ಹಾಗೂ ಚಂದ್ರನಿದ್ದ ನಕ್ಷತ್ರ, ಅಂದರೆ ‘ನಾಳ್’, ಇವೆರಡರಿಂದ. ಒಂದೇ ಮಾಸದಲ್ಲಿ ನಕ್ಷತ್ರ ಎರಡು ಸಲ ಬಂದರೆ ಸಾಮಾನ್ಯವಾಗಿ ಎರಡನೆಯದೇ ಗ್ರಾಹ್ಯ. ತಿರುವಾಂಕೂರಿನ ಅರಸರಂತೂ ಸ್ವಾತಿ ತಿರುನಾಳ್, ಚಿತ್ತಿರ ತಿರುನಾಳ್ ಎಂದು ಜನ್ಮನಕ್ಷತ್ರದಿಂದಲೇ ಇತಿಹಾಸದಲ್ಲಿ ಉಳಿದಿದ್ದಾರೆ. ಓಣಂ ಕೂಡ ಚಿಂಗಂ ಮಾಸದ ಶ್ರವಣ ನಕ್ಷತ್ರದ ಹಬ್ಬವೇ.

ಕ್ರಿ.ಶ. 825ರಿಂದ ಎಣಿಕೆಯಾಗುವ ಕೊಲ್ಲವರ್ಷವು ಪುರೋಹಿತರಿಗಷ್ಟೇ ಸೇರಿದ್ದಲ್ಲ. ಸರ್ಕಾರಿ ಜಮೀನಿನ ಗೇಣಿದಾರರಿಗೆ ಒಡೆತನದ ಹಕ್ಕು ನೀಡಿದ ತಿರುವಾಂಕೂರಿನ 1865ರ ಘೋಷಣೆ ದಾಖಲೆಗಳಲ್ಲಿ 1040ರದು. ಹಳೆಯ ಕಂದಾಯ ಕಡತ ಓದುವವರು ತಿಂಗಳನ್ನು ನೋಡಿಕೊಂಡು 824 ಅಥವಾ 825 ಕೂಡಿಸಬೇಕು. ಅಲ್ಲಿ ವರ್ಷ ಆರಂಭವಾಗುವುದು ಆಗಸ್ಟ್ ಮಧ್ಯದಲ್ಲಿ.

ಹುಟ್ಟಿಗೆ ಚಂದ್ರನ ನಕ್ಷತ್ರವಾದರೆ ಬೇಸಾಯಕ್ಕೆ ಸೂರ್ಯನ ನಕ್ಷತ್ರ. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು-ಹದಿನಾಲ್ಕು ದಿನಗಳೇ ‘ಞಾಟ್ಟುವೇಲ’. ನಮ್ಮ ರೈತರ ಆರಿದ್ರಾ ಮಳೆಯೇ ಅಲ್ಲಿ ತಿರುವಾದಿರ ಞಾಟ್ಟುವೇಲ. ಜೂನ್ ಕೊನೆಯ ವಾರದಿಂದ ಜುಲೈ ಆರಂಭದವರೆಗಿನ ಈ ಅವಧಿ ಕಾಳುಮೆಣಸಿನ ಬಳ್ಳಿ ನೆಡಲು ಪ್ರಶಸ್ತವೆಂಬುದು ರೂಢಿ. ಪೋರ್ಚುಗೀಸರು ಬಳ್ಳಿಗಳನ್ನು ಒಯ್ಯಲು ಅಪ್ಪಣೆ ಕೇಳಿದಾಗ, ಬಳ್ಳಿ ಒಯ್ದಾರು, ನಮ್ಮ ಞಾಟ್ಟುವೇಲವನ್ನು ಒಯ್ಯಲಾದೀತೇ ಎಂದು ಕಲ್ಲಿಕೋಟೆಯ ಸಾಮೂದಿರಿಯ ಕಡೆಯವರು ನಕ್ಕರೆಂಬ ಐತಿಹ್ಯವಿದೆ. ದಂತಕಥೆಯೇ ಇರಬಹುದು; ಆದರೆ ವ್ಯವಹಾರ ಬಲ್ಲವರ ಮಾತು.

ಒಂದು ತೊಡಕನ್ನು ಮಾತ್ರ ಈ ಕಥೆ ಹೇಳುವುದಿಲ್ಲ. ಋತುಗಳು ಸೂರ್ಯನ ಉತ್ತರಾಯಣ-ದಕ್ಷಿಣಾಯನಗಳನ್ನು ಅನುಸರಿಸುತ್ತವೆ. ಈ ಪಂಚಾಂಗ ಸ್ಥಿರ ನಕ್ಷತ್ರಗಳನ್ನು. ಅಯನಚಲನೆಯಿಂದಾಗಿ ಸುಮಾರು 70 ವರ್ಷಕ್ಕೊಂದು ದಿನದಂತೆ ಎರಡೂ ಬೇರ್ಪಡುತ್ತಿವೆ. 2025ರ ಆಗಸ್ಟ್‌ನಲ್ಲಿ 1201ನೆಯ ವರ್ಷ ಆರಂಭವಾದಾಗ ಈ ಅಂತರ ಸುಮಾರು 17 ದಿನ, ಅಂದರೆ ಒಂದು ಇಡೀ ಞಾಟ್ಟುವೇಲಕ್ಕಿಂತ ಹೆಚ್ಚು. ಇದರ ಮೇಲೆ ಮುಂಗಾರಿನ ಅನಿಶ್ಚಿತತೆ ಬೇರೆ. 2018ರ ಆಗಸ್ಟ್ ಪ್ರವಾಹವನ್ನು ಕೇರಳ ಮರೆತಿಲ್ಲ.

ಅಲ್ಲಿನ ಕೃಷಿ ಇಲಾಖೆ ಞಾಟ್ಟುವೇಲದ ಹೆಸರಿನಲ್ಲಿ ಸಸಿಗಳ ಸಂತೆ ನಡೆಸುತ್ತ ಬಂದಿದೆ. ಸಂತೋಷವೇ. ಅಲ್ಲಿ ಬಳ್ಳಿ ಕೊಳ್ಳುವ ರೈತನ ಕೈಗೆ ಆ ವಾರದ ಮಳೆಯ ಮುನ್ಸೂಚನೆಯನ್ನೂ ಕೊಡಬೇಕು.