ಹಳೇ ಲೆನ್ಸು, ಕಾಫಿ ತೋಟದ ನೆರಳು

ಮೂಡಿಗೆರೆ, ಕಳಸ, ಚಿಕ್ಕಮಗಳೂರು ಕಡೆಯ ಹಳೆಯ ಮನೆಗಳಲ್ಲಿ ಬೀರು ತಡಕಿದರೆ ರೀಲು ಕ್ಯಾಮೆರಾ ಸಿಗುವುದು ದೊಡ್ಡ ಸಂಗತಿಯೇನಲ್ಲ. ಕೆಲವು ಕಡೆ ಪೆಂಟಾಕ್ಸ್, ಕೆಲವು ಕಡೆ ರಷ್ಯಾದ ಝೆನಿಟ್, ಇನ್ನು ಕೆಲವು ಕಡೆ ನಿಕಾನ್. ಮದುವೆ, ನಾಮಕರಣ, ಹಣ್ಣು ಕೊಯ್ಲು ಎಲ್ಲವನ್ನೂ ಒಂದು ಕಾಲಕ್ಕೆ ಹಿಡಿದಿಟ್ಟ ಪೆಟ್ಟಿಗೆಗಳು ಅವು. ರೀಲು ಹೋಯಿತು, ತೊಳೆದು ಪ್ರಿಂಟ್ ಹಾಕಿಕೊಡುತ್ತಿದ್ದ ಸ್ಟುಡಿಯೋಗಳು ಡಿಜಿಟಲ್ಲಿಗೆ ಹೊರಳಿದವು, ಪೆಟ್ಟಿಗೆ ಚರ್ಮದ ಕೇಸಿನೊಳಗೆ ಮಲಗಿತು. ಪೆಟ್ಟಿಗೆಯ ಕೆಲಸ ಮುಗಿದಿರಬಹುದು, ಅದರ ಮುಂದೆ ಕೂತಿರುವ ಲೆನ್ಸಿನ ಕೆಲಸ ಖಂಡಿತ ಮುಗಿದಿಲ್ಲ. ನಡುವೆ ಒಂದು ಅಡಾಪ್ಟರ್ ಹಾಕಿದರೆ ಅದು ಇವತ್ತಿನ ಡಿಜಿಟಲ್ ಕ್ಯಾಮೆರಾದ ಮೇಲೆ ಕೂತು, ಹೊಸ ಲೆನ್ಸುಗಳು ಕೊಡದ ಚಿತ್ರವನ್ನು ಕೊಡುತ್ತದೆ. ಮನೆಯಲ್ಲಿ ಇಲ್ಲದವರಿಗೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ.

ಇದು ಹೇಗೆ ಸಾಧ್ಯ ಎಂಬುದಕ್ಕೆ ಉತ್ತರ ಒಂದು ಅಳತೆಯಲ್ಲಿದೆ. ಲೆನ್ಸು ಕೂರುವ ಲೋಹದ ಬಳೆಯಿಂದ ಫಿಲಂ ಇರುವ ಜಾಗದವರೆಗಿನ ದೂರವನ್ನು ಪ್ರತಿ ಕಂಪನಿಯೂ ತನ್ನದೇ ಲೆಕ್ಕದಲ್ಲಿ ಇಟ್ಟಿತ್ತು. ಝೆನಿಟ್, ಪ್ರಾಕ್ಟಿಕಾ, ಹಳೆಯ ಪೆಂಟಾಕ್ಸ್‌ಗಳಲ್ಲಿದ್ದದ್ದು 42 ಮಿ.ಮೀ. ಅಗಲದ ತಿರುಪು. ಅದನ್ನು ಎಂ42 ಎನ್ನುತ್ತಾರೆ. ಅಲ್ಲಿ ಆ ದೂರ 45.46 ಮಿ.ಮೀ. ನಿಕಾನ್‌ನಲ್ಲಿ 46.5. ಒಳಗೆ ಮೇಲಕ್ಕೂ ಕೆಳಕ್ಕೂ ಹಾರುವ ಕನ್ನಡಿ ಇದ್ದದ್ದರಿಂದ ಅಷ್ಟು ಜಾಗ ಬೇಕೇ ಬೇಕಿತ್ತು. 2008ರ ಹೊತ್ತಿಗೆ ಪ್ಯಾನಸಾನಿಕ್ ಆ ಕನ್ನಡಿಯನ್ನೇ ಕಿತ್ತುಹಾಕಿದ ಕ್ಯಾಮೆರಾ ತಂದಿತು. 2013ರಲ್ಲಿ ಸೋನಿಯ ಎ7 ಬಂದು, ಹಳೆಯ 35 ಮಿ.ಮೀ. ಫಿಲಂನಷ್ಟೇ ದೊಡ್ಡ ಸೆನ್ಸರನ್ನು ಮಿರರ್‌ಲೆಸ್ ಕ್ಯಾಮೆರಾದೊಳಗೆ ಕೂರಿಸಿತು. ಸೋನಿಯ ಈ ಕ್ಯಾಮೆರಾಗಳಲ್ಲಿ ಬಳೆಯಿಂದ ಸೆನ್ಸರಿಗೆ ಬರೀ 18 ಮಿ.ಮೀ., ಕೆನಾನ್ ಆರ್‌ಎಫ್‌ನಲ್ಲಿ 20, ನಿಕಾನ್ ಝೆಡ್‌ನಲ್ಲಿ 16. ಉಳಿದ ದೂರವನ್ನು ಒಂದು ಟೊಳ್ಳು ಕೊಳವೆಯಿಂದ ತುಂಬಿದರೆ ಮುಗಿಯಿತು. ಅಡಾಪ್ಟರ್ ಅಂದರೆ ಇಷ್ಟೇ. ಅದರಲ್ಲಿ ಗಾಜಿಲ್ಲ, ವೈರಿಲ್ಲ, ಕೆಡುವುದಕ್ಕೆ ಏನೂ ಇಲ್ಲ.

ಕನ್ನಡಿ ಇರುವ ಡಿಎಸ್ಎಲ್ಆರ್ ಇಟ್ಟುಕೊಂಡವರು ಸ್ವಲ್ಪ ನೋಡಿಕೊಳ್ಳಬೇಕು. ಕೆನಾನ್ ಡಿಎಸ್ಎಲ್ಆರ್‌ಗಳ ಅಳತೆ 44 ಮಿ.ಮೀ. ಆದ್ದರಿಂದ ಒಂದೂವರೆ ಮಿಲಿಮೀಟರ್ ದಪ್ಪದ ಬಳೆಯಲ್ಲಿ ಎಂ42 ಲೆನ್ಸು ಸರಿಯಾಗಿ ಕೂರುತ್ತದೆ. ನಿಕಾನ್ ಡಿಎಸ್ಎಲ್ಆರ್ ಮೇಲೆ ಎಂ42 ಹಾಕಿದರೆ ದೂರದ ಬೆಟ್ಟ ಮಂಜಾಗಿಯೇ ಉಳಿಯುತ್ತದೆ, ಹತ್ತಿರದ ಹೂವು ಮಾತ್ರ ಸ್ಪಷ್ಟ. ಅದೇ ನಿಕಾನ್‌ಗೆ ನಿಕಾನ್‌ನದೇ ಹಳೆಯ ಲೆನ್ಸು ಸಿಕ್ಕರೆ ಅಡಾಪ್ಟರೇ ಬೇಡ, ಏಕೆಂದರೆ 1959ರಿಂದ ಅದರ ಲೆನ್ಸು ಕೂರುವ ಮೌಂಟು ಬದಲಾಗಿಲ್ಲ. ಆದರೆ 1977ಕ್ಕೆ ಮುಂಚಿನ ಲೆನ್ಸುಗಳ ಅಪರ್ಚರ್ (ಬೆಳಕಿನ ಕಿಂಡಿ) ರಿಂಗು ಕೆಲವು ಬಾಡಿಗಳ ಚಿಕ್ಕ ಲಿವರನ್ನು ಮುರಿಯಬಹುದು. ವಿಚಾರಿಸದೆ ಒತ್ತಿ ತಿರುಗಿಸಬೇಡಿ.

ಈ ಹಳೆಯ ಲೆನ್ಸುಗಳಲ್ಲಿ ಅಗ್ಗಕ್ಕೂ ಗುಣಕ್ಕೂ ಹೆಸರಾದದ್ದು ಹೀಲಿಯೋಸ್ 44. ಮಾಸ್ಕೋ ಹತ್ತಿರದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯಲ್ಲಿ ಝೆನಿಟ್ ಕ್ಯಾಮೆರಾಗಳ ಜೊತೆಗೆ ಲಕ್ಷಾಂತರ ಸಂಖ್ಯೆಯಲ್ಲಿ ತಯಾರಾದ 58 ಮಿ.ಮೀ., ಎಫ್/2 ಲೆನ್ಸು ಇದು. ವಿನ್ಯಾಸ ಮೂಲತಃ ಜರ್ಮನಿಯದು: ಯೇನಾದ ಕಾರ್ಲ್ ಝೈಸ್ ಕಂಪನಿಯಲ್ಲಿ ವಿಲ್ಲಿ ಮೆರ್ಟೆ ರೂಪಿಸಿದ ಬಯೋಟಾರ್. ಎರಡನೇ ಮಹಾಯುದ್ಧದ ನಂತರ ಅದು ಸೋವಿಯತ್ ಒಕ್ಕೂಟದ ಕೈಸೇರಿತು. ಹೀಲಿಯೋಸ್ 44-2 ಎಂಬ ಮಾದರಿಯನ್ನು ಕೈಯಲ್ಲಿ ಹಿಡಿದರೆ ತೂಕವೇ ಬೇರೆ. ಪ್ಲಾಸ್ಟಿಕ್ಕಿನ ಸುಳಿವಿಲ್ಲ, ಪೂರಾ ಲೋಹ. ಮುಂದೆ ಎರಡು ರಿಂಗು. ಒಂದು ಎಲ್ಲಿಗೆ ನಿಲ್ಲಬೇಕೆಂದು ಗಡಿ ಹಾಕುತ್ತದೆ, ಇನ್ನೊಂದು ಎಂಟು ಎಸಳಿನ ಅಪರ್ಚರನ್ನು ಆ ಗಡಿಯವರೆಗೆ ಮುಚ್ಚುತ್ತದೆ, ತೆರೆಯುತ್ತದೆ. ಪೂರ್ತಿ ತೆರೆದು ಫೋಕಸ್ ಮಾಡು, ಆಮೇಲೆ ನೋಡದೆಯೇ ಮುಚ್ಚು, ಕ್ಲಿಕ್ಕಿಸು. ಬೆರಳಿಗೆ ಇದು ಬೇಗ ಪಾಠವಾಗುತ್ತದೆ.

ಹೀಲಿಯೋಸ್ ಅಂದರೆ ಎಲ್ಲರೂ ಮೊದಲು ಹೇಳುವುದು ಹಿನ್ನೆಲೆಯ ಸುಳಿ. ಪೂರ್ತಿ ತೆರೆದಾಗ ಚಿತ್ರದ ಅಂಚಿನ ಕಡೆಗೆ ಬರುವ ಬೆಳಕು ಲೆನ್ಸಿನ ಕೊಳವೆಗೆ ತಾಗಿ ಅರ್ಧ ಕತ್ತರಿಸಿಹೋಗುತ್ತದೆ. ಹಾಗಾಗಿ ನಡುವೆ ದುಂಡಗಿರುವ ಬೆಳಕಿನ ಚುಕ್ಕೆ ಅಂಚಿನಲ್ಲಿ ಬಾದಾಮಿಯ ಆಕಾರ ಪಡೆದು ನಡುವಿನ ವಸ್ತುವಿನ ಸುತ್ತ ತಿರುಗಿದಂತೆ ಕಾಣುತ್ತದೆ. ಬಯಲುಸೀಮೆಯ ತೆರೆದ ಹೊಲದಲ್ಲಿ ಈ ಸುಳಿ ಅಷ್ಟಾಗಿ ಕಾಣುವುದಿಲ್ಲ. ಅದಕ್ಕೆ ಹಿನ್ನೆಲೆಯಲ್ಲಿ ನೂರಾರು ಬೆಳಕಿನ ಚುಕ್ಕೆಗಳು ಬೇಕು. ನಮ್ಮ ಕಾಫಿ ತೋಟದಲ್ಲಿ ಇರುವುದೇ ಅದು. ಮೇಲೆ ಸಿಲ್ವರ್ ಓಕ್, ಅತ್ತಿ, ಹಲಸು, ಅದರ ಕೆಳಗೆ ಹಾಲುವಾಣ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅದರ ಕೆಳಗೆ ಕಾಫಿ ಗಿಡ. ಎಲೆಗಳ ಸಂದಿಯಿಂದ ಬಿಸಿಲು ತೂತು ತೂತಾಗಿ ಬೀಳುತ್ತದೆ. ಹೊಸ ಲೆನ್ಸಿಗೆ ಈ ಬೆಳಕು ಒಂದು ತೊಂದರೆ: ನೆರಳು ಕಪ್ಪು, ತೂತು ಬಿಳಿ, ನಡುವೆ ಏನೂ ಇಲ್ಲ. ಹಳೆಯ ಲೆನ್ಸಿನ ಗಾಜಿಗೆ ಈಗಿನಷ್ಟು ಪದರಗಳ ಲೇಪನವಿಲ್ಲ. ಒಳಗೆ ಸ್ವಲ್ಪ ಬೆಳಕು ಚೆದುರಿ ನೆರಳಿನ ಭಾಗವನ್ನು ತುಸು ಎತ್ತುತ್ತದೆ. ಲೇಪನದ ದೌರ್ಬಲ್ಯವೇ ಇಲ್ಲಿ ಅನುಕೂಲ. ಹಣ್ಣು ಬಿಡಿಸುವ ಹೆಂಗಸರ ಮುಖವನ್ನು ಗಿಡದ ನೆರಳಲ್ಲಿ ತೆಗೆದು ನೋಡಿ, ತಲೆಗೆ ಕಟ್ಟಿದ ಬಟ್ಟೆಯ ಮಡಿಕೆಗಳು ಕಪ್ಪಾಗಿ ಹೂತುಹೋಗುವುದಿಲ್ಲ.

ಇನ್ನು ಹೂವು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು, ಅಥವಾ ಸ್ಪ್ರಿಂಕ್ಲರ್ ಹೊಡೆದು, ಎಂಟು–ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಮಲ್ಲಿಗೆಯಂಥ ವಾಸನೆ ರಸ್ತೆಯವರೆಗೆ ಬರುತ್ತದೆ. ಎರಡು ಮೂರು ದಿನ, ಆಮೇಲೆ ಎಸಳು ಕಂದು. ರೆಂಬೆಯ ಗಿಣ್ಣು ಗಿಣ್ಣಿಗೂ ಗೊಂಚಲು, ಗೊಂಚಲಿನ ಮೇಲೆ ಜೇನು. ರೋಬಸ್ಟಾಕ್ಕೆ ಕಾಯಿ ಕಚ್ಚಲು ಬೇರೆ ಗಿಡದ ಪರಾಗ ಬೇಕು. ಆದ್ದರಿಂದ ಅಲ್ಲಿ ಹೆಜ್ಜೇನು, ತುಡುವೆ ನಿಜವಾದ ಕೆಲಸಗಾರರು. ಹೀಲಿಯೋಸ್ ಅರ್ಧ ಮೀಟರಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ಅದಕ್ಕೆ ಎಂ42 ಬಳೆಗಳ ಸೆಟ್ ಇದೆ, ಮೂರು ಬಳೆ, ಹಳೆಯವೇ ಸಿಗುತ್ತವೆ. ಲೆನ್ಸಿಗೂ ಅಡಾಪ್ಟರಿಗೂ ನಡುವೆ ತಿರುಪಿದರೆ ಒಂದೇ ಹೂವು ಚಿತ್ರ ತುಂಬುತ್ತದೆ. ಅಷ್ಟು ಹತ್ತಿರ ಹೋದಾಗ ಸ್ಪಷ್ಟವಾಗಿ ಕಾಣುವ ಆಳ ತೀರಾ ಕಡಿಮೆ. ಬಳೆ ಇಲ್ಲದೆಯೇ ಅರ್ಧ ಮೀಟರಿನಲ್ಲಿ ಎಫ್/2ರಲ್ಲಿ ಆ ಆಳ ಒಂದು ಸೆಂಟಿಮೀಟರೂ ಇರುವುದಿಲ್ಲ. ಕೇಸರ ಸ್ಪಷ್ಟವಾದರೆ ಎಸಳು ಮಸುಕು. ಇಲ್ಲಿ ರಿಂಗು ತಿರುಗಿಸುತ್ತ ಕೂರುವುದಕ್ಕಿಂತ ಒಂದು ಕಡೆ ನಿಲ್ಲಿಸಿ, ಮೈಯನ್ನೇ ಮೆಲ್ಲಗೆ ಹಿಂದೆ ಮುಂದೆ ವಾಲಿಸುವುದು ವಾಸಿ. ಗಾಳಿ ಏಳುವ ಮುಂಚೆ, ಬೆಳಗಿನ ಏಳೂವರೆಯೊಳಗೆ ಮುಗಿಸಬೇಕು.

ಕೈಯಲ್ಲೇ ಫೋಕಸ್ ಮಾಡುವುದು ಹೊಸಬರಿಗೆ ಕಷ್ಟವೆನಿಸಿದರೂ ಈ ನಾಡಿಗೆ ಅದು ಹೊಸದಲ್ಲ. ತಾನೇ ಫೋಕಸ್ ಹಿಡಿಯುವ, ಕನ್ನಡಿಯಿರುವ ಎಸ್ಎಲ್ಆರ್ ಕ್ಯಾಮೆರಾಗಳು ಜನರ ಕೈಗೆ ಬಂದದ್ದು 1985ರ ಮಿನೋಲ್ಟಾ 7000 ನಂತರ. ಅದಕ್ಕೂ ಮುಂಚೆ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ವನ್ಯಜೀವಿ ಛಾಯಾಗ್ರಾಹಕರ ತಲೆಮಾರು ಕೈಯಳತೆಯಲ್ಲೇ ಹುಲಿ, ಹಕ್ಕಿಗಳನ್ನು ತೆಗೆಯಿತು. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಹಿಂದೆ ಬಿದ್ದದ್ದೂ ರೀಲಿನ ಕಾಲದಲ್ಲೇ. ಪ್ರತಿ ಫ್ರೇಮಿಗೂ ದುಡ್ಡು ತೆರಬೇಕಾದ, ತೊಳೆದು ಬರುವವರೆಗೆ ಏನು ಸಿಕ್ಕಿದೆಯೆಂದು ತಿಳಿಯದ ಕಾಲ ಅದು. ಇವತ್ತಿನ ಕ್ಯಾಮೆರಾ ಅವರಿಗೆಲ್ಲ ಇಲ್ಲದ ಎರಡು ಸಹಾಯ ಕೊಡುತ್ತದೆ. ಫೋಕಸ್ ಪೀಕಿಂಗ್ ಆನ್ ಮಾಡಿದರೆ ಸ್ಪಷ್ಟವಾಗಿರುವ ಅಂಚುಗಳು ಕೆಂಪಗೋ ಹಳದಿಯಾಗಿಯೋ ಹೊಳೆಯುತ್ತವೆ. ಇನ್ನೊಂದು ಬಟನ್ ಒತ್ತಿದರೆ ಆ ಜಾಗ ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ. ಪೀಕಿಂಗ್ ಅಂದಾಜಿಗೆ, ದೊಡ್ಡದು ಮಾಡಿ ನೋಡುವುದು ಖಾತ್ರಿಗೆ. ವೈರಿಲ್ಲದ ಹಳೆಯ ಲೆನ್ಸು ಕೂತಿರುವುದು ಕ್ಯಾಮೆರಾಗೆ ತಿಳಿಯುವುದಿಲ್ಲ. ಮೆನುವಿನಲ್ಲಿ ಲೆನ್ಸಿಲ್ಲದೆಯೂ ಶಟರ್ ಬೀಳುವಂತೆ ಮಾಡುವ ಆಯ್ಕೆ ಇರುತ್ತದೆ. ಅದನ್ನು ಮೊದಲೇ ಹಾಕಿಕೊಳ್ಳಿ, ಇಲ್ಲವಾದರೆ ಎಷ್ಟು ಒತ್ತಿದರೂ ಕ್ಯಾಮೆರಾ ಸುಮ್ಮನಿರುತ್ತದೆ. ಅಪರ್ಚರ್ ಪ್ರಯಾರಿಟಿಯಲ್ಲಿಟ್ಟರೆ ಬೆಳಕಿನ ಲೆಕ್ಕವನ್ನು ಕ್ಯಾಮೆರಾ ತಾನೇ ನೋಡಿಕೊಳ್ಳುತ್ತದೆ.

ಹಾರುವ ಹಕ್ಕಿಗೆ ಈ ಲೆನ್ಸು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಂತ ವಸ್ತು, ಕೂತ ಮನುಷ್ಯರು, ಕಲ್ಲು, ದೀಪ ಇದರ ಕ್ಷೇತ್ರ. ಬೆಳವಾಡಿಯ ವೀರನಾರಾಯಣ ದೇವಸ್ಥಾನದ ಕಡೆದ ಕಂಬಗಳ ನುಣುಪಿನ ಮೇಲೆ ಪಕ್ಕದಿಂದ ಬೀಳುವ ಬೆಳಕನ್ನು ಎಫ್/2ರ ಲೆನ್ಸು ಫ್ಲಾಷಿನ ಹಂಗಿಲ್ಲದೆ ಹಿಡಿಯುತ್ತದೆ. ಹೊಯ್ಸಳರ ಮೂಲ ನೆಲೆಯಾದ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಮರಗಳ ನಡುವಿನ ಹಳೆಯ ಬಸದಿಗಳ ಬಳಿಯೂ ಅಷ್ಟೇ.

ಈಗ ಶತ್ರುವಿನ ಮಾತು. ಮಲೆನಾಡಿನಲ್ಲಿ ಲೆನ್ಸಿಗೆ ಸಾವು ಬರುವುದು ಬಿದ್ದಲ್ಲ, ಫಂಗಸ್ಸಿನಿಂದ. ಆರಿದ್ರಾ ಹಿಡಿದರೆ ಮಘೆಯವರೆಗೆ ಕೊಟ್ಟಿಗೆಹಾರ, ಕಳಸ, ಬಾಳೂರು ಕಡೆ ಬಟ್ಟೆಯೇ ಒಣಗುವುದಿಲ್ಲ. ಗಾಳಿಯ ತೇವ ಶೇ. 65 ದಾಟಿ ನಿಂತರೆ ಬೂಷ್ಟಿನ ಬೀಜಕ್ಕೆ ಚಿಗುರಲು ಗಾಜಿನ ಮೇಲಿನ ಒಂದಿಷ್ಟು ದೂಳು, ಬೆರಳಿನ ಎಣ್ಣೆ ಸಾಕು. ಮೊದಲು ಸಣ್ಣ ಎಳೆ, ಆಮೇಲೆ ಜೇಡರ ಬಲೆಯಂಥ ಹರಡು. ಬೆಳೆಯುತ್ತ ಅದು ಬಿಡುವ ಆಮ್ಲ ಲೇಪನವನ್ನು ತಿಂದು ಗಾಜಿನ ಮೇಲೆ ಗುರುತು ಕೊರೆಯುತ್ತದೆ. ಆ ಹಂತಕ್ಕೆ ಹೋದದ್ದನ್ನು ಯಾರೂ ತೊಳೆದು ತೆಗೆಯಲಾರರು.

ನಮ್ಮಲ್ಲಿ ಜೋಪಾನ ಅಂದರೆ ಮುಚ್ಚಿಡುವುದು. ಲೆನ್ಸಿನ ವಿಷಯದಲ್ಲಿ ಇದು ತಿರುವುಮುರುವು. ಕತ್ತಲು, ನಿಂತ ಗಾಳಿ, ತೇವ ಹೀರಿಕೊಂಡ ಚರ್ಮದ ಕೇಸು, ಈ ಮೂರೂ ಬೂಷ್ಟಿಗೆ ಬೇಕಾದವು. ಬೀರುವಿನಲ್ಲಿ ಜೋಪಾನವಾಗಿ ಮಲಗಿದ ಲೆನ್ಸೇ ಕೆಡುತ್ತದೆ, ವಾರಕ್ಕೊಮ್ಮೆ ಬೆಳಕು ಗಾಳಿ ಕಂಡದ್ದು ಉಳಿಯುತ್ತದೆ. ಬಳಸುವುದೇ ಇದನ್ನು ಕಾಪಾಡುವ ದಾರಿ. ಕೇಸು ಚಂದವಿದೆಯೆಂದು ಅದರೊಳಗೆ ಇಡಬೇಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಯೆಂದು ಅಲ್ಲೂ ಬೇಡ, ಹೊಗೆಯ ಜಿಡ್ಡು ಗಾಜಿಗೆ ಕೂರುತ್ತದೆ. ಬಳಸದಾಗ ಇಡಲು ಬೇಕಾದದ್ದು ಹೊರಗಿನ ತೇವ ನುಗ್ಗದಂತೆ ಮುಚ್ಚಳ ಬಿಗಿಯುವ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಬಟ್ಟೆಯ ಗಂಟಿನಲ್ಲಿ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಚಿಕ್ಕ ಮೀಟರು. ಮೀಟರು 40ರಿಂದ 50ರ ನಡುವೆ ಇರಬೇಕು. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಮತ್ತೆ ನೀಲಿ ಬರಿಸಿ ಹಾಕಿ. ಅಡುಗೆಯ ಪಾತ್ರೆಯಲ್ಲಿ ಮಾತ್ರ ಹುರಿಯಬೇಡಿ.

ಕೊಳ್ಳುವಾಗ ಒಂದು ಟಾರ್ಚ್ ಜೊತೆಗಿರಲಿ. ಹಿಂದಿನಿಂದ ಬೆಳಕು ಬಿಟ್ಟು ಓರೆಯಾಗಿ ನೋಡಿದರೆ ಎಳೆ, ಮಂಜು ಎಲ್ಲವೂ ಹೊರಬೀಳುತ್ತವೆ. ಒಂದೆರಡು ದೂಳಿನ ಕಣಕ್ಕೆ, ಮುಂದಿನ ಗಾಜಿನ ಸಣ್ಣ ಗೀಚಿಗೆ ಹೆದರಬೇಕಾಗಿಲ್ಲ, ಚಿತ್ರದಲ್ಲಿ ಕಾಣುವುದಿಲ್ಲ. ಫೋಕಸ್ ರಿಂಗು ಗಟ್ಟಿಯಾಗಿದ್ದರೆ ಗ್ರೀಸ್ ಒಣಗಿದೆ ಎಂದರ್ಥ. ಅದು ರಿಪೇರಿಯಾಗುವ ಕಾಯಿಲೆ, ಆದರೆ ಬಲವಂತವಾಗಿ ತಿರುಗಿಸಬಾರದು.

ಪೆಂಟಾಕ್ಸ್‌ನ ಸೂಪರ್ ಟಾಕುಮಾರ್ 50 ಮಿ.ಮೀ. ಎಫ್/1.4 ಸಿಕ್ಕಿ, ಗಾಜು ಚಹಾ ಬಣ್ಣದಲ್ಲಿದ್ದರೆ ಗಾಬರಿಯಾಗಬೇಡಿ. ಅದರ ಒಂದು ಗಾಜಿಗೆ ಥೋರಿಯಂ ಬೆರೆಸಿದ್ದರು. ವರ್ಷಗಳು ಕಳೆದಂತೆ ಅದು ಹಳದಿಯಾಗುತ್ತದೆ. ವಿಕಿರಣ ಅತಿ ಅಲ್ಪ, ಫೋಟೋ ತೆಗೆಯಲು ಅಡ್ಡಿಯಿಲ್ಲ. ಬಿಚ್ಚಿ ಉಜ್ಜುವ ಸಾಹಸ ಮಾತ್ರ ಮಾಡಬಾರದು. ಆ ಹಳದಿ ಬಿಸಿಲಿಗೆ ಬಿಡುತ್ತದೆ. ಜನವರಿಯಲ್ಲಿ ಕಾಫಿ ಒಣಗುವ ಕಣದಷ್ಟು ಒಳ್ಳೆಯ ಬಿಸಿಲು ನಮಗೆ ಬೇರೆಲ್ಲಿ ಸಿಗುತ್ತದೆ? ಹಿಂಬದಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಕೆಲವು ವಾರ ಇಡಿ. ಹಾಳೆ ಇಲ್ಲದೆ ಇಟ್ಟರೆ ಬಿಸಿಲು ಒಂದು ಬಿಂದುವಿಗೆ ಸೇರಿ ಕೆಳಗಿರುವುದಕ್ಕೆ ಬೆಂಕಿ ಹತ್ತಬಹುದು, ಎಚ್ಚರ.

ಲೆನ್ಸಿಗೆ ಸರ್ವೀಸ್ ಬೇಕಿದ್ದರೆ ಮೇ ತಿಂಗಳೊಳಗೆ ಮಾಡಿಸುವುದು ಕ್ಷೇಮ, ಏಕೆಂದರೆ ಮಳೆಗೆ ಮುಂಚೆ, ಬೂಷ್ಟಿನ ಎಳೆ ಸಣ್ಣದಿದ್ದಾಗ ತೊಳೆದರೆ ಗುರುತೇ ಉಳಿಯುವುದಿಲ್ಲ. ಜಡಿಮಳೆ ಶುರುವಾದ ಮೇಲೂ ವಾರಕ್ಕೊಮ್ಮೆ ಡಬ್ಬಿಯಿಂದ ಹೊರಗೆ ತೆಗೆಯಿರಿ. ತೆಗೆದ ಮೇಲೆ ಸುಮ್ಮನೆ ಒರೆಸಿ ಇಡಬೇಡಿ, ಜಗಲಿಯಲ್ಲಿ ಕೂತೇ ತೆಗೆಯಬಹುದಾದ ಚಿತ್ರಗಳು ಬೇಕಾದಷ್ಟಿವೆ: ಹೆಂಚಿನಿಂದ ಇಳಿಯುವ ನೀರು, ಕೊಪ್ಪೆ ಹಾಕಿಕೊಂಡು ತೋಟದಿಂದ ಬರುವವರು, ಗೋಡೆ ಹತ್ತಿದ ಬಸವನಹುಳು. ಆ ಮಬ್ಬು ಬೆಳಕಿಗೆ ಎಫ್/2.8ರಲ್ಲಿಟ್ಟು ಐಎಸ್ಒ 1600ಕ್ಕೆ ಏರಿಸಿಕೊಂಡರೆ ಕೈಯಲ್ಲೇ ಹಿಡಿದು ತೆಗೆಯಬಹುದು. ಕೆಲಸ ಮುಗಿದ ಮೇಲೆ ಲೆನ್ಸಿನ ಮೈಮೇಲಿನ ತೇವವನ್ನು ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಜೆಲ್ ಇರುವ ಡಬ್ಬಿಗೆ ವಾಪಸ್ ಹಾಕಿ.