ಬೆಳಕಿನ ಶಕ್ತಿ ಎಲ್ಲಿ ಹೋಯಿತು?

‘ಶಕ್ತಿಯನ್ನು ಸೃಷ್ಟಿಸಲಾಗದು, ನಾಶ ಮಾಡಲಾಗದು.’ ಈ ವಾಕ್ಯವನ್ನು ಬಾಯಿಪಾಠ ಮಾಡದೆ ಹೈಸ್ಕೂಲು ದಾಟಿದವರು ಇರಲಾರರು. ಒಮ್ಮೆ ಇದನ್ನು ಕರಿಹಲಗೆಯ ಮೇಲೆ ಬರೆದಾಗ ಹುಡುಗಿಯೊಬ್ಬಳು ಎದ್ದು ನಿಂತಳು. ‘ಸಾರ್, ದೂರದ ಗೆಲಾಕ್ಸಿಗಳ ಬೆಳಕು ನಮ್ಮ ಹತ್ರ ಬರೋ ಹೊತ್ತಿಗೆ ಕೆಂಪಾಗುತ್ತಂತೆ. ಕೆಂಪು ಬೆಳಕಿಗೆ ಶಕ್ತಿ ಕಡಿಮೆ ಅಂತ ನೀವೇ ಹೇಳಿದ್ರಿ. ಉಳಿದ ಶಕ್ತಿ ಎಲ್ಲಿ ಹೋಯ್ತು?’

‘ನಾಳೆ ಹೇಳುತ್ತೇನೆ’ ಎಂದೆ. ಆ ನಾಳೆ ಬರಲು ಕೆಲವು ವಾರಗಳೇ ಹಿಡಿದವು.

ಮೊದಲು ನಮ್ಮ ಮಾರಿಕಣಿವೆಯನ್ನು ನೆನೆಯೋಣ. 1907ರಲ್ಲಿ ಪೂರ್ಣಗೊಂಡ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷವೂ ಲೆಕ್ಕ ಒಂದೇ: ಹರಿದು ಬಂದದ್ದರಲ್ಲಿ ನಾಲೆಗೆ ಬಿಟ್ಟದ್ದು, ಆವಿಯಾದದ್ದು, ಇಂಗಿದ್ದು ಕಳೆದರೆ ನೀರಿನ ಮಟ್ಟ ಏಕೆ ಏರಿತು, ಏಕೆ ಇಳಿಯಿತು ಎಂಬುದು ತಿಳಿಯುತ್ತದೆ. ವಿದ್ಯುತ್ಕಾಂತ ಕ್ಷೇತ್ರಕ್ಕೂ ಇಂಥದೇ ಜಮಾ-ಖರ್ಚು ಇದೆಯೆಂದು 1884ರಲ್ಲಿ ಇಂಗ್ಲೆಂಡಿನ ಪಾಯಿಂಟಿಂಗ್ ತೋರಿಸಿದರು. ಒಂದು ಜಾಗದಲ್ಲಿ ಕ್ಷೇತ್ರದ ಶಕ್ತಿ ಕಡಿಮೆಯಾದರೆ ಅದು ಗಡಿ ದಾಟಿ ಹೊರಗೆ ಹರಿದಿರಬೇಕು, ಇಲ್ಲವೇ ಅಲ್ಲಿನ ವಿದ್ಯುದಾವೇಶಗಳಿಗೆ ಸಂದಿರಬೇಕು.

ಗುರುತ್ವವೆಂದರೆ ದೇಶಕಾಲದ ಬಾಗುವಿಕೆ ಎಂದು ಐನ್‌ಸ್ಟೈನ್ 1915ರಲ್ಲಿ ಹೇಳಿದರು. ಅಲ್ಲೂ ಪುಟ್ಟ ಜಾಗದಲ್ಲಿ ಪಾಯಿಂಟಿಂಗರ ಲೆಕ್ಕ ಸರಿಯೇ. ತೊಡಕು ಬರುವುದು ವಿಶಾಲ ಪ್ರದೇಶದ ಮೊತ್ತ ಕೂಡಿಸಹೊರಟಾಗ. ವಿದ್ಯುದಾವೇಶ ಬರೀ ಸಂಖ್ಯೆ. ಬಾಗಿದ ದೇಶಕಾಲದಲ್ಲೂ ಅದರ ಒಟ್ಟು ಮೊತ್ತ ಬದಲಾಗದು. ಶಕ್ತಿಯಾದರೋ ಕಾಲದ ದಿಕ್ಕಿಗೆ ಅಂಟಿಕೊಂಡ ಅಳತೆ. ಮದಕರಿಪುರದವರ ‘ಮೇಲೆ’ ಮತ್ತು ಅಮೆರಿಕದವರ ‘ಮೇಲೆ’ ಒಂದೇ ದಿಕ್ಕಲ್ಲ. ಹಾಗೆಯೇ, ಬಾಗಿದ ದೇಶಕಾಲದಲ್ಲಿ ಎಲ್ಲೆಡೆಗೂ ಒಪ್ಪುವ ಕಾಲದ ದಿಕ್ಕು ಇರಲೇಬೇಕೆಂದಿಲ್ಲ.

ಹಾಗಾದರೆ ಮೊತ್ತ ಯಾವಾಗ ಉಳಿಯುತ್ತದೆ? ಜರ್ಮನಿಯ ಗಣಿತಜ್ಞೆ ಎಮ್ಮಿ ನೋಥರ್ 1918ರಲ್ಲಿ ಉತ್ತರ ಕೊಟ್ಟರು. ನಿನ್ನೆ ಇದ್ದಂತೆಯೇ ಇಂದೂ ನಾಳೆಯೂ ಇರುವ ವ್ಯವಸ್ಥೆಯಲ್ಲಿ ಶಕ್ತಿ ಉಳಿಯುತ್ತದೆ. ಬದಲಾಗದ ನಕ್ಷತ್ರವೊಂದರ ಸುತ್ತ ಹೀಗಿರುತ್ತದೆ. ಅಲ್ಲಿಂದ ಮೇಲೇರುವ ಬೆಳಕು ಕೆಂಪಿನತ್ತ ಸರಿದರೂ ಲೆಕ್ಕ ಕೂಡುತ್ತದೆ.

ಬೆಂಗಳೂರಿನಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ (1938-2017) ಅವರು 1968ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದೇ ಸಮಮಿತಿಯನ್ನು ಬಳಸಿ ಕಪ್ಪುರಂಧ್ರಗಳ ಗಡಿಯನ್ನು ಪರಿಶೀಲಿಸಿದರು. ತಿರುಗದ ಕಪ್ಪುರಂಧ್ರದಲ್ಲಿ ಬೆಳಕು ಅಪರಿಮಿತವಾಗಿ ಕೆಂಪಾಗುವ ಗಡಿಯೂ ಬೆಳಕು ಹೊರಬರಲಾಗದ ಗಡಿಯೂ ಒಂದೇ. ತಿರುಗುವ ಕಪ್ಪುರಂಧ್ರದಲ್ಲಿ ಅವು ಬೇರೆ ಬೇರೆ. ಮಕ್ಕಳನ್ನು ಕರೆದೊಯ್ದ ಪೋಷಕರಿಗೆ ಪರಿಚಿತವಾದ ಬೆಂಗಳೂರಿನ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರೂ ಇವರೇ.

ಆದರೆ ವಿಶ್ವ ನಿನ್ನೆಯಂತೆ ಇಂದಿಲ್ಲ, ಅದು ಹಿಗ್ಗುತ್ತಿದೆ. ವಿಶ್ವ ಹುಟ್ಟಿ ಸುಮಾರು 3,80,000 ವರ್ಷಗಳಾದಾಗ ಹೊರಟ ಬೆಳಕು ಆಗ ಸುಮಾರು 3000 ಕೆಲ್ವಿನ್ ಉಷ್ಣತೆಯದು. ಪೆಂಜಿಯಾಸ್ ಮತ್ತು ವಿಲ್ಸನ್ 1965ರಲ್ಲಿ ಪ್ರಕಟಿಸಿದ ಹಿನ್ನೆಲೆ ವಿಕಿರಣ ಅದೇ. ಇಂದಿನ ಉಷ್ಣತೆ ಬರೀ 2.7 ಕೆಲ್ವಿನ್. ಅದರ ಅಲೆಗಳು ಸುಮಾರು 1100 ಪಟ್ಟು ಹಿಗ್ಗಿ, ಪ್ರತಿ ಫೋಟಾನಿನ ಶಕ್ತಿ ಅಷ್ಟೇ ಪಟ್ಟು ಕುಗ್ಗಿದೆ. ಆ ಶಕ್ತಿ ಎಲ್ಲೂ ಅಡಗಿ ಕುಳಿತಿಲ್ಲ. ಹಿಗ್ಗುವ ವಿಶ್ವಕ್ಕೆ ‘ಬೆಳಕಿನ ಒಟ್ಟು ಶಕ್ತಿ ಉಳಿಯಬೇಕು’ ಎಂಬ ನಿಯಮವೇ ಅನ್ವಯಿಸದು.

ಇದನ್ನು ಕೇಳಿ ‘ನೀರಿನಿಂದಲೇ ಓಡುವ ಎಂಜಿನ್’ ಮಾರುವವರನ್ನು ನಂಬಬೇಡಿ. ನಮ್ಮ ಮನೆ, ಹೊಲ, ಕಾರ್ಖಾನೆಗಳ ಮಟ್ಟಿಗೆ ಪುಸ್ತಕದ ವಾಕ್ಯ ಕಲ್ಲಿನ ಕೋಟೆಯಷ್ಟೇ ಭದ್ರ.

ಉತ್ತರ ಹೇಳಿದ ದಿನ ಆಕೆ ಮತ್ತೆ ಕೇಳಿದಳು: ‘ಹಾಗಾದ್ರೆ ಪರೀಕ್ಷೇಲಿ ಏನು ಬರೀಲಿ ಸಾರ್?’

‘ಪುಸ್ತಕದಲ್ಲಿರುವುದನ್ನೇ ಬರಿ. ಆದರೆ ಅದಕ್ಕೊಂದು ಷರತ್ತಿದೆ ಅನ್ನೋದನ್ನು ಮರೀಬೇಡ.’

ಪೋಷಕರಲ್ಲಿ ಒಂದು ಮಾತು. ಮಕ್ಕಳು ಇಂಥದ್ದು ಕೇಳಿದಾಗ ‘ಅದು ಸಿಲೆಬಸ್‌ನಲ್ಲಿಲ್ಲ’ ಎಂದು ಬಾಯಿ ಮುಚ್ಚಿಸಬೇಡಿ. ‘ನಾಳೆ ಹೇಳುತ್ತೇನೆ’ ಎನ್ನಿ. ಹೇಳಿದ ಮೇಲೆ ಹುಡುಕಿ ಹೇಳಿ.