ಯಾರ ತಂಟೆಗೂ ಹೋಗದ ಸಾಹೇಬರು

ಕಚೇರಿಯ ಕಿರುಕುಳ ಎಂದೊಡನೆ ನೆನಪಾಗುವುದು ಮೇಜು ಗುದ್ದಿ ಕೂಗಾಡುವ ಬಾಸ್. ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು ಮಾತ್ರ ಇನ್ನೊಂದು ಜಾತಿಯ ಬಾಸ್‌ನ ಮೇಲೂ ಕಣ್ಣಿಟ್ಟಿದ್ದಾರೆ. ಈತ ಬೈಯುವುದಿಲ್ಲ, ಯಾರ ತಂಟೆಗೂ ಹೋಗುವುದಿಲ್ಲ. ಇಬ್ಬರು ಜಗಳವಾಡಿಕೊಂಡು ಬಂದರೆ ‘ನೀವು ನೀವೇ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದು ಬಾಗಿಲು ತೋರಿಸುತ್ತಾನೆ.

ಒಂದು ದಿನದ ಬೈಗುಳವನ್ನು ಸಂಶೋಧಕರು ಕಿರುಕುಳ ಎನ್ನುವುದಿಲ್ಲ. 1980ರ ದಶಕದಲ್ಲಿ ಸ್ವೀಡನ್ನಿನಲ್ಲಿ ಈ ಅಧ್ಯಯನಕ್ಕೆ ತಳಪಾಯ ಹಾಕಿದ ಹೈಂಜ್ ಲೇಮನ್ ಅದಕ್ಕೊಂದು ಅಳತೆ ಕೊಟ್ಟರು: ವಾರಕ್ಕೊಮ್ಮೆಯಾದರೂ ಆಗಬೇಕು, ಆರು ತಿಂಗಳಾದರೂ ನಡೆದಿರಬೇಕು. ಮೀಟಿಂಗ್ ಇದೆಯೆಂದು ಹೇಳದಿರುವುದು, ಊಟಕ್ಕೆ ಎಲ್ಲರೂ ಒಬ್ಬರನ್ನೇ ಬಿಟ್ಟು ಏಳುವುದು, ಮಾಡಿದ ಕೆಲಸವನ್ನೆಲ್ಲ ಹಳಿಯುವುದು. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಕ್ಷುಲ್ಲಕ. ದೂರು ಬರೆಯಲು ಕೂತವರಿಗೇ ಸಂಕೋಚವಾಗುವಷ್ಟು. ಇದೆಲ್ಲ ಸಾಮಾನ್ಯವಾಗಿ ಹುಟ್ಟುವುದು ಬಗೆಹರಿಯದೆ ಉಳಿದ ಜಗಳವೊಂದರಿಂದ ಎಂದು ಲೇಮನ್ ಗುರುತಿಸಿದ್ದರು. ಮೊದಮೊದಲು ಇಬ್ಬರೂ ಸಮಬಲರು. ದಿನ ಕಳೆದಂತೆ ಒಬ್ಬರ ಕಡೆ ಜನ ಸೇರುತ್ತಾರೆ, ಇನ್ನೊಬ್ಬರು ಒಂಟಿಯಾಗುತ್ತಾರೆ.

ಸಾಹೇಬರು ಬೇಕಾಗುವುದು ಇಲ್ಲಿ. ಬರ್ಗೆನ್ನಿನ ಸ್ಕೋಗ್‌ಸ್ಟಾಡ್, ಐನಾರ್ಸೆನ್ ಮತ್ತು ಸಂಗಡಿಗರು 2007ರಲ್ಲಿ 2,273 ನೌಕರರ ಉತ್ತರಗಳನ್ನು ವಿಶ್ಲೇಷಿಸಿದರು. ಮೇಲಧಿಕಾರಿ ಕೈಕಟ್ಟಿ ಕೂತ ಕಡೆ ಯಾರ ಕೆಲಸ ಯಾವುದು ಎಂಬ ಗೊಂದಲ ಹೆಚ್ಚು, ಸಹೋದ್ಯೋಗಿಗಳ ನಡುವೆ ತಿಕ್ಕಾಟ ಹೆಚ್ಚು, ಅದರ ಬೆನ್ನಿಗೇ ಕಿರುಕುಳವೂ ಹೆಚ್ಚು. ಸುಮ್ಮನಿರುವುದು ನಾಯಕತ್ವದ ಗೈರುಹಾಜರಿ ಮಾತ್ರವಲ್ಲ, ಅದೇ ಒಂದು ಹಾನಿಕರ ನಡೆ ಎಂದು ಅವರು ವಾದಿಸಿದರು.

ಒಂದೇ ಸಲದ ಸಮೀಕ್ಷೆಯಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದು ಕಷ್ಟ. ನೊಂದವರಿಗೆ ಬಾಸ್ ನಿಷ್ಕ್ರಿಯನಾಗಿ ಕಾಣುವುದೂ ಸಹಜವೇ. ಹಾಗಾಗಿ 2018ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನಕ್ಕೆ ಬೆಲೆ ಹೆಚ್ಚು. ಮೊದಲಿಗೆ ಕಿರುಕುಳ ಅನುಭವಿಸದಿದ್ದವರನ್ನೇ ಎರಡು ವರ್ಷಗಳ ಬಳಿಕ ಮತ್ತೆ ವಿಚಾರಿಸಿದಾಗ, ಸಹೋದ್ಯೋಗಿಗಳ ಜಗಳ ಕಿರುಕುಳಕ್ಕೆ ತಿರುಗುವ ಅಪಾಯ ನಿಷ್ಕ್ರಿಯ ಮೇಲಧಿಕಾರಿಗಳ ಕೈಕೆಳಗೆ ಏರಿತ್ತು.

ಹಾಗೆಂದು ಬಾಸ್ ಪ್ರತಿ ಜಗಳಕ್ಕೂ ತಲೆ ಹಾಕಬೇಕಿಲ್ಲ. ದೂರು ಕೊಟ್ಟರೆ ಕೇಳುತ್ತಾರೆ, ಎರಡೂ ಕಡೆಯವರನ್ನು ಕೂರಿಸಿ ನ್ಯಾಯವಾಗಿ ಬಗೆಹರಿಸುತ್ತಾರೆ ಎಂಬ ನಂಬಿಕೆ ಇದ್ದ ಕಡೆ ಕಿರುಕುಳ ಕಡಿಮೆ ಎಂಬುದನ್ನೂ ಬರ್ಗೆನ್ನಿನ ತಂಡ ಕಂಡಿದೆ. ಭಾರತದಲ್ಲಿ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರಿಗೆ ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಮೀಟಿಂಗಿಗೆ ಕರೆಯದ, ಊಟಕ್ಕೆ ಬಿಟ್ಟುಹೋಗುವ ಬಗೆಯ ಕಿರುಕುಳ ಆ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ. ಆ ದೂರು ಹೆಚ್ಚಾಗಿ ಹೋಗುವುದು ‘ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದ ಸಾಹೇಬರ ಬಳಿಗೇ.